ಸಾಹೇಬರಿಗೆ ಮಕ್ಕಳಿಟ್ಟ ಹೆಸರು

ಕಿವಿ ಕೇಳದ ಮಕ್ಕಳ ಶಾಲೆಗೆ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಜೀಪಿನಿಂದ ಇಳಿಯುತ್ತಲೇ ಡ್ರೈವರನ್ನು ಬೈಯತೊಡಗಿದರು. ಮಕ್ಕಳು ಅವರ ಪೊದೆಮೀಸೆಯನ್ನೇ ದಿಟ್ಟಿಸಿದವು. ಆಮೇಲೆ ಎಲ್ಲವೂ ಅಂಗೈಯಿಂದ ಬಾಯಿ ಮುಚ್ಚಿ ತಲೆ ಅಲ್ಲಾಡಿಸಿದವು.

"ಇದೇನು ಕೋತಿಚೇಷ್ಟೆ? ಇವತ್ತಿಂದ ಕೈಸನ್ನೆ ಬಂದ್! ಎಲ್ಲರೂ ಬಾಯಲ್ಲೇ ಮಾತಾಡಬೇಕು. ಕೈ ಆಡಿಸಿದ ನೌಕರರಿಗೆ ಕೆಲಸ ಇಲ್ಲ!" ಸಾಹೇಬರು ಅಲ್ಲೇ ಆದೇಶ ಬರೆದು ರುಜು ಹಾಕಿದರು.

ಶಾಲೆಯ ಆಯಾ ಪುಟ್ಟತಾಯಮ್ಮ ಕೈ ಕಟ್ಟಿ ನಿಂತಳು. ಮಕ್ಕಳ ಹಸಿವು, ಜ್ವರ, ಜಗಳ ಎಲ್ಲವನ್ನೂ ಇಷ್ಟು ವರ್ಷ ವಿಚಾರಿಸಿದ ಕೈ ಅದು.

ಸಾಹೇಬರು ಹೊರಡುವಾಗಲೂ ಮಕ್ಕಳು ಬಾಯಿ ಮುಚ್ಚಿ ತಲೆ ಅಲ್ಲಾಡಿಸಿದವು. ಸಾಹೇಬರಿಗೆ ತಡೆಯಲಾಗಲಿಲ್ಲ. "ಏನಮ್ಮಾ ಅದು?"

ಪುಟ್ಟತಾಯಮ್ಮನಿಗೆ ಅದರ ಅರ್ಥ ಚೆನ್ನಾಗಿಯೇ ಗೊತ್ತಿತ್ತು. "ಮಕ್ಕಳನ್ನೇ ಕೇಳಬೇಕು ಸ್ವಾಮಿ. ಕೇಳೋಕೆ ಕೈ ಬೇಕು. ಕೈ ಆಡಿಸಿದ್ರೆ ಕೆಲಸ ಹೋಗುತ್ತಲ್ಲ?"

ಸಾಹೇಬರು ಜೀಪು ಹತ್ತಿದರು. ಇಳಿದರು. ಮತ್ತೆ ಹತ್ತಿದರು. ಕೊನೆಗೆ ಆದೇಶವನ್ನು ತರಿಸಿ, ಚೂರುಚೂರು ಮಾಡಿ, "ಈಗ ಕೇಳು!" ಎಂದರು.

ಪುಟ್ಟತಾಯಮ್ಮನ ಬೆರಳು ಕುಣಿದವು. ಒಬ್ಬ ಪುಟ್ಟ ಹುಡುಗಿ ಮುಂದೆ ಬಂದು ಸರಸರನೆ ಕೈಯಲ್ಲೇ ಉತ್ತರ ಕೊಟ್ಟಳು.

"ಅದು ನಿಮ್ಮ ಹೆಸರು ಸ್ವಾಮಿ. ಇಲ್ಲಿಗೆ ಬಂದೋರಿಗೆಲ್ಲ ಮಕ್ಕಳು ಕೈಯಲ್ಲೇ ಒಂದು ಹೆಸರಿಡ್ತವೆ."

"ನನಗೇನಂತ ಇಟ್ಟಿದಾವೆ?"

"ಮೀಸೆ ಅಡ್ಡ ಬಂದು ನಿಮ್ಮ ತುಟಿ ಆಡೋದೇ ಕಾಣಲ್ಲ. ಅದಕ್ಕೇ 'ಮಾತು ಬಾರದ ಸಾಹೇಬ್ರು' ಅಂತ. ಬೇಜಾರು ಮಾಡ್ಕೋಬೇಡಿ, ಈ ಪುಟ್ಟಿ ನಿಮಗೂ ಮಾತು ಕಲಿಸ್ತಾಳಂತೆ."