ಹಿತ್ತಾಳೆ ತೋಟೆಗೆ ಯಾರ ಕೆನ್ನೆ?

“ಹೊನ್ನಗಿರಿಯ ಪ್ರಜೆಗಳೆಲ್ಲ ಕೇಳಿ! ಹಳೆಯ ಯುದ್ಧದಲ್ಲಿ ಹೊಡೆದು ಬರಿದಾದ ಹಿತ್ತಾಳೆಯ ಕೋವಿ ತೋಟೆಗಳು ಉಗ್ರಾಣದಲ್ಲಿ ಗುಡ್ಡೆ ಬಿದ್ದಿವೆ. ಅವಕ್ಕೆ ಮತ್ತೆ ಮದ್ದು ತುಂಬಬಹುದೇ ಎಂದು ತಿಳಿಯಲು ದೊರೆ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನು ಮದ್ದಿನಮನೆಗೆ ಒಡೆಯ. ತಪ್ಪಿದವನು ಅದೇ ತೋಟೆ ತುಂಬಿದ ಕೋವಿಯನ್ನು ತಾನೇ ಹೊಡೆಯಬೇಕು!”

ಡಂಗುರ ಕೇಳಿ ಲಾಯದಾಳು ಬೋರನಿಗೆ ಮೈ ಉರಿಯಿತು. ಅವನ ತಮ್ಮ ಕೆಂಚ ದಂಡಿನಲ್ಲಿದ್ದ. ನಾಳೆ ದಂಡು ಹೊರಟರೆ ಈ ಹಳೆಯ ಹಿತ್ತಾಳೆಯೇ ಅವನ ಕೋವಿಗೆ. ಪ್ರಾಣದ ವಿಷಯದಲ್ಲಿ ಒಗಟಾಡುವ ದೊರೆಗೆ ಏನೆನ್ನಬೇಕು!

“ಒಂದೇ ಅಚ್ಚಿನ ಅಣ್ಣತಮ್ಮಂದಿರು,” ಎಂದು ದೊರೆ ಮೊದಲನೆಯದನ್ನು ಹಾಕಿದ. “ಬೆಟ್ಟದ ಉಗ್ರಾಣದಲ್ಲಿ ಮಲಗಿದವನು ನೆಟ್ಟಗಿದ್ದಾನೆ. ಅರಮನೆ ಉಗ್ರಾಣದಲ್ಲಿ ಮಲಗಿದವನ ಕುತ್ತಿಗೆ ಸೀಳಿದೆ. ಸೀಳಿದ್ದು ಯಾರು?”

ದಳವಾಯಿಯ ಮಗ ಮೀಸೆ ತಿರುವಿ, “ಸೋಮಾರಿತನ,” ಎಂದ. ಉತ್ತರ ತಪ್ಪಿತ್ತು; ಹಳೆಯ ತೋಟೆ ತುಂಬಿದ ಕೋವಿ ಹೊಡೆದ, ಅದು ಸಿಡಿದು ಅಲ್ಲೇ ಸತ್ತ. ಆಸ್ಥಾನದ ಜೋಯಿಸರು, “ಶನಿಯ ದೃಷ್ಟಿ,” ಎಂದರು. ಅವರೂ ಉಳಿಯಲಿಲ್ಲ. ದೊರೆ ಉಗುರು ನೋಡಿಕೊಳ್ಳುತ್ತ, “ಮುಂದಿನವನು?” ಎಂದ.

ಬೋರ ಜನರನ್ನು ತಳ್ಳಿಕೊಂಡು ಬಂದ.

“ಸೀಳಿದ್ದು ನಿಮ್ ಕುದ್ರೆ ಉಚ್ಚೆ, ಬುದ್ಧಿ! ಉಗ್ರಾಣ ಲಾಯಕ್ಕೆ ಅಂಟ್ಕೊಂಡೈತೆ. ಮಳೆಗಾಲ್ದಾಗೆ ಆ ಘಾಟು ಹಿತ್ತಾಳೇನ ಸೀಳ್ತದೆ. ನನ್ ತಂಬಿಗೇನೂ ಅಲ್ಲೇ ಬಿರುಕು ಬಿಡ್ತು.”

ದೊರೆ ತೋಟೆಯ ಪೆಟ್ಟಿಗೆಗಳನ್ನು ತರಿಸಿ ಗುಡ್ಡೆ ಸುರಿಸಿದ. ಲಾಯದ ಗೋಡೆಗೆ ತಾಗಿದ್ದ ಪೆಟ್ಟಿಗೆಯ ತೋಟೆಗಳೇ ಸೀಳಿದ್ದವು.

“ಹೊರಗೆ ಗೀರಿಲ್ಲ, ಒಳಗೆ ಸುತ್ತ ಹಳ್ಳ. ಕಣ್ಣಿಗೆ ಕಾಣದ ಹಳ್ಳ ಯಾವುದಕ್ಕೆ ಕಾಣುತ್ತದೆ?” ಎಂದು ದೊರೆ ಎರಡನೆಯದನ್ನು ಹಾಕಿದ.

ಬೋರ ಸೊಂಟದಿಂದ ಸಣ್ಣ ತಂತಿ ತೆಗೆದು ತುದಿ ಬಾಗಿಸಿ, ತೋಟೆಯೊಳಗೆ ಬಿಟ್ಟು ಗೋಡೆಗುಂಟ ಎಳೆದ. ತಳದ ಹತ್ತಿರ ತಂತಿ ಸಿಕ್ಕಿಕೊಂಡಿತು.

“ಕೈಗೆ ಕಾಣ್ತದೆ. ತಾವೇ ಎಳ್ದು ನೋಡಿ. ಒಂದ್ಸಲ ಹೊಡೆದಾಗ್ಲೇ ಇಲ್ಲಿ ಹಿಗ್ಗಿ ತೆಳ್ಳಗಾಗೈತೆ. ಇನ್ನೊಂದ್ಸಲ ಹೊಡೆದ್ರೆ ಎರಡು ತುಂಡಾಗಿ, ಕೋವಿ ಹೊಡೆದೋನ ಮುಖಕ್ಕೇ ಬೆಂಕಿ.”

ದೊರೆ ಎಳೆದು ನೋಡಿದ. ಮುಖ ಸಣ್ಣಗಾಯಿತು. ಆದರೂ ಗುಡ್ಡೆಯಿಂದ ಥಳಥಳಿಸುವ ತೋಟೆಯೊಂದನ್ನು ಆರಿಸಿ ಎತ್ತಿ ಹಿಡಿದು ಮೂರನೆಯದನ್ನು ಹಾಕಿದ. “ಇದರಲ್ಲಿ ಸೀಳಿಲ್ಲ, ಹಳ್ಳವೂ ಇಲ್ಲ. ಇದು ಗಟ್ಟಿ ಎಂದು ಯಾರು ಹೇಳಬಲ್ಲರು?”

ಬೋರ ಅದನ್ನು ತನ್ನ ಲಾಳದ ಇಕ್ಕಳದಲ್ಲಿ ಹಿಂಡಿದ. ಹಪ್ಪಳದ ಹಾಗೆ ಪುಡಿಯಾಯಿತು. ಪಕ್ಕದ್ದನ್ನು ಹಿಂಡಿದ. ಅದು ಬಾಗಿತು, ಮುರಿಯಲಿಲ್ಲ.

“ಯಾರೂ ಹೇಳಕ್ಕಾಗಲ್ಲ! ತಳದಾಗೆ ಕಿಡಿ ಹಚ್ಚೋ ಹಳೇ ಮದ್ದಿನ ಪಾದರಸ ಕೆಲವನ್ನ ಒಳಗೊಳಗೇ ತಿಂದೈತೆ. ಹಿಂಡದೆ ಗೊತ್ತಾಗಲ್ಲ, ಹಿಂಡಿದ್ಮೇಲೆ ತುಂಬಕ್ಕಾಗಲ್ಲ. ಗಟ್ಟಿ ಅನ್ನೋರು ಕೋವಿಗೆ ತಮ್ ಕೆನ್ನೆ ಕೊಡ್ಲಿ, ನನ್ ತಮ್ಮಂದಲ್ಲ! ತುಂಬ್ಕೊಡ್ತೀನಿ, ತಾವೇ ಹೊಡೀರಿ.”

ಅರಮನೆಯಲ್ಲಿ ಆವರೆಗೆ ಯಾರೂ ಹಾಗೆ ಕಿರುಚಿರಲಿಲ್ಲ. ಬೋರ ಕೋವಿ ನೀಡಿದ. ದೊರೆಯ ಕೈ ಮುಂದೆ ಬರಲಿಲ್ಲ.

ದೊರೆ ಮದ್ದಿನಮನೆಯ ಬೀಗದ ಕೈ ತೆಗೆದು ಬೋರನಿಗೆ ಕೊಟ್ಟ. ಗುಡ್ಡೆಯನ್ನೆಲ್ಲ ಕುಲುಮೆಗೆ ಹಾಕಬೇಕು, ಹೊಸ ತೋಟೆ ಬರುವವರೆಗೆ ದಂಡು ಕದಲಕೂಡದು ಎಂದು ಬೋರ ಅಪ್ಪಣೆ ಮಾಡಿದ. ದೊರೆ ತಲೆಯಾಡಿಸಿದ. ಕೆಂಚನ ಜೀವ ಉಳಿಯಿತು.

“ಇನ್ನೂ ಯಾಕೋ ಇಷ್ಟು ಸಿಟ್ಟು?” ಎಂದ ದೊರೆ, ನಗಲು ನೋಡುತ್ತ. “ಗೆದ್ದೆಯಲ್ಲ!”

“ಇಬ್ರು ಸತ್ಮೇಲೆ ಗೆದ್ದೆ, ಬುದ್ಧಿ,” ಎಂದ ಬೋರ. ಕೈಮುಗಿಯದೆ ಕುಲುಮೆಯ ಕಡೆ ನಡೆದ.