ತಣ್ಣಗಿದ್ದ ಮಡಕೆ

ತಾಲ್ಲೂಕಿನ ವಿಜ್ಞಾನ ಮೇಳಕ್ಕೆ ಬಂದ ಪರೀಕ್ಷಕರೆಂದರೆ ಮೇಷ್ಟ್ರುಗಳಿಗೂ ನಡುಕ. ಹತ್ತಕ್ಕೆ ಐದರ ಮೇಲೆ ಯಾರಿಗೂ ಕೊಟ್ಟವರಲ್ಲ. ಮಧ್ಯಾಹ್ನ ಏಳನೇ ಕ್ಲಾಸಿನ ದೇವೀರಿಯ ಮುಂದೆ ಬಂದು ನಿಂತರು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಭತ್ತದ ಹೊಟ್ಟು, ಮೇಲೆ ತೆಂಗಿನ ನಾರಿನ ಮುಚ್ಚಳ.

"ಏನಿದು?"

"ಬಿಸಿ ಆರದ ಮಡಕೆ ಸಾರ್. ಬೆಳಗ್ಗೆ ಹುಯ್ದ ಗಂಜಿ ಇನ್ನೂ ಸುಡ್ತಾ ಇದೆ."

ಪರೀಕ್ಷಕರು ಹೊರಗಿನ ಮಡಕೆ ಮುಟ್ಟಿದರು. "ತಣ್ಣಗಿದೆಯಲ್ಲ! ಸುಳ್ಳು ಬೇರೆ ಹೇಳ್ತೀಯಾ? ಸೊನ್ನೆ!"

ಅಂಕ ಬರೆದುಕೊಳ್ಳುತ್ತಿದ್ದ ಮೇಷ್ಟ್ರು ಪೆನ್ನು ಎತ್ತಿದರು. ದೇವೀರಿ ಪರೀಕ್ಷಕರ ಮುಖ ನೋಡಿದಳು. ವಾದ ಮಾಡಿದರೆ ಕೇಳುವ ಆಸಾಮಿಯಲ್ಲ. ತೆಂಗಿನ ಚಿಪ್ಪಿನಲ್ಲಿ ಗಂಜಿ ಮೊಗೆದು ನೀಡಿದಳು. ಆ ಸೆಕೆಯಲ್ಲಿ ಹಬೆಯೂ ಕಾಣಲಿಲ್ಲ.

"ಆಯ್ತು ಸಾರ್, ನೀವು ಹೇಳಿದ ಮೇಲೆ ತಣ್ಣಗೇ ಇರುತ್ತೆ. ಒಂದೇ ಗುಟುಕಿಗೆ ಕುಡಿದುಬಿಡಿ."

ಕುಡಿದರು. ಕಣ್ಣು ಮೇಲಕ್ಕೆ ಹೋಯಿತು, ನಾಲಿಗೆ ಹೊರಗೆ ಬಂತು. ಮಾತು ಹೊರಡಲಿಲ್ಲ. ಎರಡೂ ಕೈಯ ಬೆರಳು ಅಗಲಿಸಿ ಬಾಯಿಗೆ ಗಾಳಿ ಬೀಸಿಕೊಳ್ಳತೊಡಗಿದರು.

ದೇವೀರಿ ಅವರ ಬೆರಳುಗಳನ್ನು ಎಣಿಸಿದಳು.

"ಹತ್ತಕ್ಕೆ ಹತ್ತಂತೆ, ಬರ್ಕೊಳ್ಳಿ ಮೇಷ್ಟ್ರೇ."

ಪರೀಕ್ಷಕರು ಬೇಡ ಬೇಡವೆಂದು ಎರಡೂ ಕೈ ಇನ್ನೂ ಜೋರಾಗಿ ಆಡಿಸಿದರು.

"ಬರೆದಾಯ್ತು ಸಾರ್, ಬರೆದಾಯ್ತು," ಅಂದರು ಮೇಷ್ಟ್ರು.