ಎಂಬತ್ತೆಂಟು ಪರ್ಸೆಂಟಿನ ಹಿರಿಸೊಸೆ

ತಿಪಟೂರಿನ ಆ ಮನೆಯ ಇಬ್ಬರು ಸೊಸೆಯರಿಗೂ ಒಂದೊಂದು ಕ್ರೆಡಿಟ್ ಕಾರ್ಡ್, ಫೋನಿನಲ್ಲಿ ಅದರ ಲೆಕ್ಕ ತೋರಿಸುವ ಒಂದೊಂದು ಆ್ಯಪ್. ಹಿರಿಸೊಸೆ ಚಂದ್ರಿಕಾ ಡಿಗ್ರಿ ಓದಿದವಳು. ವಾರಕ್ಕೊಂದು ಹೊಸ ಸೀರೆ ಉಟ್ಟು ಎದುರಿಗೇ ಓಡಾಡುತ್ತಿದ್ದಳು. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದ ಕಿರಿಸೊಸೆಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಸಂಸಾರವನ್ನು ಜಾಣತನದಿಂದ ತೂಗಿಸುವವಳಿಗೆ ತಮ್ಮ ಬೆಳ್ಳಿ ಡಾಬು ಕೊಡುತ್ತೇನೆಂದು ಅತ್ತೆ ಹೇಳಿದ ದಿನ, ಚಂದ್ರಿಕಾ ಫೋನು ಹಿಡಿದು ಅಡುಗೆಮನೆಗೆ ಬಂದಳು.

"ಆ್ಯಪ್‌ನಲ್ಲಿ ನಂಗೆ ಎಂಬತ್ತೆಂಟು ಪರ್ಸೆಂಟ್ ಬಂದಿದೆ. ನಿಂಗೆಷ್ಟೇ?"

"ಆರು, ಅಕ್ಕ."

"ಅಯ್ಯೋ, ಬರೀ ಆರಾ! ಡಾಬು ನಂಗೇ ಸೇರಬೇಕು ಅಂತ ನೀನೇ ಹೋಗಿ ಅತ್ತೆಗೆ ಹೇಳು."

ಕಿರಿಸೊಸೆ ಸೆರಗಿಗೆ ಕೈ ಒರೆಸಿಕೊಂಡಳು. "ನನ್ನ ಮಾತು ಯಾರು ಕೇಳ್ತಾರೆ ಅಕ್ಕ? ಮಾವ ಬ್ಯಾಂಕಿನಲ್ಲಿದ್ದವರು. ಅವರಿಂದಲೇ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ."

ಚಂದ್ರಿಕಾ ಅವಳನ್ನೂ ಕರೆದುಕೊಂಡು, ಮೆರವಣಿಗೆ ಹೊರಟಂತೆ ಅತ್ತೆ, ಮಾವ ಕೂತಿದ್ದ ಹಜಾರಕ್ಕೆ ನಡೆದಳು. "ನಾನು ಎಂಬತ್ತೆಂಟು ತಗೊಂಡಿದ್ದೀನಿ ಮಾವ, ಇವಳು ಆರು!"

ಮಾವ ಕನ್ನಡಕ ಏರಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಇದು ಸಾಲ ಬಳಸಿದ ಲೆಕ್ಕ. ಕಾರ್ಡಿನವರು ಲಕ್ಷ ರೂಪಾಯಿವರೆಗೆ ಸಾಲ ಕೊಟ್ಟರೆ, ನೀನು ಎಂಬತ್ತೆಂಟು ಸಾವಿರ ಆಗಲೇ ಮುಗಿಸಿದ್ದೀಯಲ್ಲಮ್ಮ!"

ಅತ್ತೆ ಡಾಬನ್ನು ಕಿರಿಸೊಸೆಯ ಕೈಗಿಟ್ಟರು. ಚಂದ್ರಿಕಾ ಹಲ್ಲು ಕಡಿದಳು.

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ನೀನು?"

"ನಾನು ಹತ್ತನೇ ಕ್ಲಾಸು ಅಕ್ಕ. ಡಿಗ್ರಿಯವರ ಮಾರ್ಕ್ಸ್ ತಿದ್ದೋಕಾಗುತ್ತಾ?"

ಡಾಬು ಸೊಂಟಕ್ಕೆ ಬಂತು. ಕಿರಿಸೊಸೆಯ ಕಣ್ಣು ಮಾತ್ರ ಇನ್ನೂ ಚಂದ್ರಿಕಾಳ ಸೀರೆಯಂಚಿನ ಮೇಲೇ ಇತ್ತು.